ಡಿಪ್ಲೊಮಾ ಲೆಕ್ಕ ಇಲ್ಲಿ ನಡೆಯಲ್ಲ: ಅಮೆರಿಕದ ಕಮ್ಯುನಿಟಿ ಕಾಲೇಜಲ್ಲಿ ಎಲೆಕ್ಟ್ರಾನಿಕ್ಸ್ ಓದೋದು ಅಂದ್ರೆ

ಎಸ್ಸೆಸ್ಸೆಲ್ಸಿ ಆದ್ಮೇಲೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಆಮೇಲೆ ಡಿಸಿಇಟಿ ಬರೆದು ಸೀದಾ ಬಿಇ ಎರಡನೇ ವರ್ಷಕ್ಕೆ. ಕರ್ನಾಟಕದಲ್ಲಿ ಈ ದಾರಿ ಎಲ್ರಿಗೂ ಗೊತ್ತು, ನೆಂಟರಲ್ಲಿ ಒಬ್ರಾದ್ರೂ ಹಿಂಗೇ ಇಂಜಿನಿಯರ್ ಆಗಿರ್ತಾರೆ. ಅದಕ್ಕೇ ಅಮೆರಿಕಕ್ಕೆ ಬಂದ ನಮ್ಮವರು ಇಲ್ಲಿನ ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಡಿಗ್ರಿ ಕೊಡೋ ಸ್ಥಳೀಯ ಸರ್ಕಾರಿ ಕಾಲೇಜು) ಲಿಸ್ಟಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಟೆಕ್ನಾಲಜಿ ಅಂತ ಎರಡು ವರ್ಷದ ಕೋರ್ಸ್ ಕಂಡ ತಕ್ಷಣ ಅದೇ ಲೆಕ್ಕ ಹಾಕ್ಬಿಡ್ತಾರೆ, ಎರಡು ವರ್ಷ ಇಲ್ಲಿ ಕಡಿಮೆ ಫೀಸಲ್ಲಿ ಓದ್ಬಿಡು, ಇನ್ನೆರಡು ವರ್ಷ ಯೂನಿವರ್ಸಿಟಿಗೆ ಹೋಗು, ಎಲೆಕ್ಟ್ರಿಕಲ್ ಇಂಜಿನಿಯರ್ ಆಗ್ತೀಯ ಅಂತ ಮಗನಿಗೋ ಮಗಳಿಗೋ ಹೇಳ್ತಾರೆ. ಆ ಲೆಕ್ಕ ಇಲ್ಲಿ ನಡೆಯಲ್ಲ. ಕೋರ್ಸ್ ಕೆಟ್ಟದ್ದು ಅಂತ ಹೇಳ್ತಿಲ್ಲ, ನನ್ನ ಕೇಳಿದ್ರೆ ತುಂಬಾ ಒಳ್ಳೇ ಕೋರ್ಸ್ ಅದು, ಆದ್ರೆ ಅದು ಹೋಗೋ ಊರೇ ಬೇರೆ.

ಒಂದೇ ಕ್ಯಾಂಪಸ್ಸು, ಒಂದೇ ಆಫೀಸಲ್ಲಿ ಅಡ್ಮಿಷನ್ನು, ಆದ್ರೆ ಒಳಗೆ ಎರಡು ಲೈನ್ ಇದೆ. ಒಂದು ಎಎಎಸ್, ಅಂದ್ರೆ ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್. ಇದು ಓದಿ ಮುಗಿಸಿ ಕೆಲಸಕ್ಕೆ ಸೇರೋರಿಗೆ. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಟೆಕ್ನಾಲಜಿ, ಇನ್ಮೇಲೆ ಇಇಟಿ ಅಂತೀನಿ, ಸಾಮಾನ್ಯವಾಗಿ ಈ ಲೈನಲ್ಲೇ ಬರತ್ತೆ. ಇನ್ನೊಂದು ಎಎಸ್, ಅಸೋಸಿಯೇಟ್ ಆಫ್ ಸೈನ್ಸ್, ಇದು ಮುಂದೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗೋರಿಗೆ. ಇದರಲ್ಲಿ ಮೊದಲೆರಡು ವರ್ಷದ ಮ್ಯಾಥ್ಸು, ಫಿಸಿಕ್ಸು, ಸ್ವಲ್ಪ ಪ್ರೋಗ್ರಾಮಿಂಗು ಎಲ್ಲ ಇಲ್ಲೇ ಮುಗಿಸ್ಕೊಂಡು ಮೂರನೇ ವರ್ಷಕ್ಕೆ ಯೂನಿವರ್ಸಿಟಿ ಸೇರೋದು. ಇಷ್ಟೇ ಆಗಿದ್ರೆ ಸುಲಭ ಇತ್ತು, ಆದ್ರೆ ರಾಜ್ಯದಿಂದ ರಾಜ್ಯಕ್ಕೆ ಹೆಸರು ಬೇರೆ ಆಗತ್ತೆ. ಫ್ಲೋರಿಡಾದಲ್ಲಿ ಇಇಟಿಗೂ ಎಎಸ್ ಅಂತಲೇ ಡಿಗ್ರಿ ಕೊಡ್ತಾರೆ. ಹಂಗಾಗಿ ಡಿಗ್ರಿ ಹೆಸರು ನೋಡಿ ತೀರ್ಮಾನ ಮಾಡೋಕಾಗಲ್ಲ.

ಹಾಗಾದ್ರೆ ಏನು ನೋಡ್ಬೇಕು? ಮ್ಯಾಥ್ಸ್. ಕೋರ್ಸ್ ಪ್ಲಾನ್ ಅಂತ ಒಂದು ಪೇಜಿನ ಚಾರ್ಟ್ ಪ್ರತಿ ಕಾಲೇಜೂ ಹಾಕಿರತ್ತೆ, ಸೆಮಿಸ್ಟರ್ ಪ್ರಕಾರ ಯಾವ್ಯಾವ ಸಬ್ಜೆಕ್ಟು ಅಂತ. ಅದರಲ್ಲಿ ಟೆಕ್ನಿಕಲ್ ಮ್ಯಾಥ್ಸ್ ಅಂತಲೋ, ಕಾಲೇಜ್ ಆಲ್ಜಿಬ್ರಾ ಮತ್ತೆ ಟ್ರಿಗೊನೊಮೆಟ್ರಿ ಅಂತಲೋ ಇದ್ದು ಅಲ್ಲಿಗೇ ನಿಂತಿದ್ರೆ ಅದು ಕೆಲಸದ ದಾರಿ. ಕ್ಯಾಲ್ಕುಲಸ್ ಒಂದು, ಎರಡು, ಮೂರು, ಆಮೇಲೆ ಡಿಫರೆನ್ಷಿಯಲ್ ಈಕ್ವೇಷನ್ಸ್, ಜೊತೆಗೆ ಕ್ಯಾಲ್ಕುಲಸ್ ಆಧಾರದ ಫಿಸಿಕ್ಸ್ ಅಂತ ಸಾಲಾಗಿ ಇದ್ರೆ ಅದು ಇಂಜಿನಿಯರಿಂಗ್ ಟ್ರಾನ್ಸ್‌ಫರ್ ದಾರಿ. ನಡುವಿನದ್ದೂ ಒಂದಿದೆ, ಇಇಟಿನೇ ಆದ್ರೂ ಒಂದು ಕ್ಯಾಲ್ಕುಲಸ್ ಸೇರಿಸಿರ್ತಾರೆ, ಅದರ ವಿಷಯಕ್ಕೆ ಆಮೇಲೆ ಬರ್ತೀನಿ.

ಕ್ಯಾಲ್ಕುಲಸ್ ಸಾಲು ಒಂದಾದ್ಮೇಲೊಂದು ಮಾಡ್ಬೇಕು, ಒಟ್ಟಿಗೆ ತಗೊಳೋಕೆ ಸಾಮಾನ್ಯವಾಗಿ ಬಿಡಲ್ಲ. ಅಂದ್ರೆ ಮೊದಲ ಸೆಮಿಸ್ಟರ್‌ನಲ್ಲೇ ಕ್ಯಾಲ್ಕುಲಸ್ ಶುರು ಮಾಡಿದೋರಿಗೂ ಡಿಫರೆನ್ಷಿಯಲ್ ಈಕ್ವೇಷನ್ಸ್ ಮುಗಿಯೋದ್ರಲ್ಲಿ ಮಾಮೂಲಾಗಿ ಎರಡು ವರ್ಷ. ಒಬ್ಬ ಹುಡುಗ ಇಇಟಿ ಎರಡು ವರ್ಷ ಓದಿ, ಟ್ರಿಗೊನೊಮೆಟ್ರಿಗೆ ನಿಲ್ಲಿಸಿ, ಆಮೇಲೆ ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ಗೆ ಹೋಗ್ತೀನಿ ಅಂದ್ರೆ ಅವನು ಆ ಸಾಲಿನ ಮೊದಲ ಮೆಟ್ಟಿಲಿಂದ ಶುರು ಮಾಡ್ಬೇಕಾಗತ್ತೆ. ಇಂಗ್ಲಿಷು, ಹಿಸ್ಟರಿ ಇಂಥ ಸಾಮಾನ್ಯ ವಿಷಯಗಳ ಕ್ರೆಡಿಟ್ ಹೋಗತ್ತೆ, ಡಿಸಿ ಸರ್ಕ್ಯೂಟ್ಸು, ಎಸಿ ಸರ್ಕ್ಯೂಟ್ಸು ಅಂತ ಕಷ್ಟಪಟ್ಟು ಓದಿದ್ದರ ಬಹುಪಾಲು ಇಂಜಿನಿಯರಿಂಗ್ ಡಿಪಾರ್ಟ್‌ಮೆಂಟಿನವರು ಒಪ್ಕೊಳಲ್ಲ, ಯಾಕಂದ್ರೆ ಅವರ ಸರ್ಕ್ಯೂಟ್ ಥಿಯರಿ ಕ್ಲಾಸಿನಲ್ಲಿ ಡಿಫರೆನ್ಷಿಯಲ್ ಈಕ್ವೇಷನ್ ಹಾಕಿನೂ ಬಿಡಿಸ್ತಾರೆ, ಇಲ್ಲಿ ಅದೇ ವಿಷಯನ ಬರೀ ಆಲ್ಜಿಬ್ರಾ ಮತ್ತೆ ಫೇಸರ್ (ಎಸಿ ಅಲೆಯನ್ನ ಬಾಣದ ಗುರುತಿನ ಥರ ಬರೆದು ಲೆಕ್ಕ ಮಾಡೋ ವಿಧಾನ) ಇಟ್ಕೊಂಡು ಮಾಡಿಸಿರ್ತಾರೆ.

ಒಂದೇ ವಿಷಯಕ್ಕೆ ಈ ಎರಡು ದಾರಿ ಯಾಕೆ ಬಂತು ಅನ್ನೋದಕ್ಕೆ ಒಂದು ಹಳೇ ಕಥೆ ಇದೆ. ಎರಡನೇ ಮಹಾಯುದ್ಧದ ತನಕ ಅಮೆರಿಕದ ಇಂಜಿನಿಯರಿಂಗ್ ಕಾಲೇಜುಗಳು ಕೈಕೆಲಸಕ್ಕೆ ಸಾಕಷ್ಟು ಜಾಗ ಕೊಡ್ತಿದ್ವು, ವರ್ಕ್‌ಶಾಪು, ಡ್ರಾಯಿಂಗು, ಮೆಷಿನ್ ಲ್ಯಾಬು ಎಲ್ಲ ಇತ್ತು. ಯುದ್ಧದಲ್ಲಿ ರೇಡಾರ್ ಥರದ್ದನ್ನ ಮಾಡೋಕೆ ಹೋದಾಗ ಫಿಸಿಕ್ಸ್ ಓದಿದೋರೇ ಹೆಚ್ಚು ಉಪಯೋಗಕ್ಕೆ ಬಂದ್ರು ಅನ್ನೋ ಭಾವನೆ ಬೆಳೀತು. 1955ರಲ್ಲಿ ಗ್ರಿಂಟರ್ ರಿಪೋರ್ಟ್ ಅಂತ ಒಂದು ಬಂತು, ಇಂಜಿನಿಯರಿಂಗ್ ಓದಿಗೆ ವಿಜ್ಞಾನದ ಪಾಯ ಜಾಸ್ತಿ ಬೇಕು ಅಂತ. ಎರಡು ವರ್ಷ ಬಿಟ್ಟು 1957ರಲ್ಲಿ ರಷ್ಯಾದೋರು ಸ್ಪುಟ್ನಿಕ್ ಹಾರಿಸಿದ್ರು, ಇನ್ನೇನು ಕೇಳ್ತೀರಾ, ಇಂಜಿನಿಯರಿಂಗ್ ಸಿಲಬಸ್ ಪೂರ್ತಿ ಥಿಯರಿ ಕಡೆ ವಾಲ್ಕೊಂತು. ಹಂಗೆ ವಾಲಿದಾಗ ಲ್ಯಾಬಲ್ಲಿ ನಿಂತು ಮಷೀನ್ ರಿಪೇರಿ ಮಾಡಿ, ಟೆಸ್ಟ್ ಮಾಡಿ, ಓಡೋ ಹಂಗೆ ಇಡೋ ಜನಾನ ತಯಾರು ಮಾಡೋರು ಯಾರು? ಆ ಖಾಲಿ ಜಾಗಕ್ಕೆ ಇಂಜಿನಿಯರಿಂಗ್ ಟೆಕ್ನಾಲಜಿ ಅನ್ನೋ ಕೋರ್ಸುಗಳು ಬಂದು ಕೂತ್ಕೊಂಡ್ವು. ಕಮ್ಯುನಿಟಿ ಕಾಲೇಜುಗಳು ಅದಕ್ಕೆ ಮುಂಚೆನೇ ಇದ್ವು, ಇಲಿನಾಯ್‌ನ ಜೋಲಿಯೆಟ್ ಜೂನಿಯರ್ ಕಾಲೇಜು 1901ರದ್ದು, ಸರ್ಕಾರಿ ಕಾಲೇಜುಗಳ ಪೈಕಿ ಅದೇ ಹಳೇದು. ಈಗ ದೇಶದಲ್ಲಿ ಇಂಥವು ಸುಮಾರು ಸಾವಿರ ಇವೆ.

ಆ ಕವಲು ಇವತ್ತಿಗೂ ಕಾಗದದ ಮೇಲೆ ಇದೆ. ಕೋರ್ಸುಗಳಿಗೆ ಮಾನ್ಯತೆ ಕೊಡೋ ಅಬೆಟ್ ಅನ್ನೋ ಸಂಸ್ಥೆ ಒಳಗೇ ಎರಡು ಬೇರೆ ಕಮಿಷನ್ ಇದೆ, ಇಂಜಿನಿಯರಿಂಗ್‌ಗೆ ಇಎಸಿ, ಇಂಜಿನಿಯರಿಂಗ್ ಟೆಕ್ನಾಲಜಿಗೆ ಇಟಿಎಸಿ. ಅಬೆಟ್ ಮಾನ್ಯತೆ ಇದೆ ಅಂತ ಕಾಲೇಜಿನವರು ದೊಡ್ಡಕ್ಷರದಲ್ಲಿ ಹಾಕ್ಕೊಂಡಿರ್ತಾರೆ, ಸುಳ್ಳೇನಲ್ಲ, ಆದ್ರೆ ಯಾವ ಕಮಿಷನ್ನು ಅಂತ ನೋಡ್ಬೇಕು. ಇಟಿಎಸಿ ನಿಯಮದಲ್ಲೇ ಇದೆ, ಎರಡು ವರ್ಷದ ಡಿಗ್ರಿಗೆ ಕನಿಷ್ಠ ಆಲ್ಜಿಬ್ರಾ, ಟ್ರಿಗೊನೊಮೆಟ್ರಿ ಸಾಕು, ನಾಲ್ಕು ವರ್ಷದ್ದಕ್ಕೆ ಕ್ಯಾಲ್ಕುಲಸ್ ಅಥವಾ ಆಲ್ಜಿಬ್ರಾ, ಟ್ರಿಗೊನೊಮೆಟ್ರಿಗಿಂತ ಮೇಲಿನ ಬೇರೆ ಮ್ಯಾಥ್ಸ್ ಬೇಕು ಅಂತ. ಫೆಡರಲ್ ಸರ್ಕಾರದ ಕೆಲಸದ ಪಟ್ಟಿಯಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರ್ ನಂಬರ್ 0855, ಎಲೆಕ್ಟ್ರಾನಿಕ್ಸ್ ಟೆಕ್ನಿಷಿಯನ್ ನಂಬರ್ 0856. ನಂಬರಲ್ಲಿ ಅಕ್ಕಪಕ್ಕದವರು, ಸಂಬಳದಲ್ಲಿ ಅಲ್ಲ.

ಈಗ ಇಇಟಿಯಲ್ಲಿ ನಿಜಕ್ಕೂ ಏನು ಕಲಿಸ್ತಾರೆ ಅಂತ ಹೇಳ್ತೀನಿ, ನನಗೆ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದ ಆದ್ರೆ ಅಡ್ಜಸ್ಟ್ ಮಾಡ್ಕೊಳಿ.

ಮೊದಲ ಸೆಮಿಸ್ಟರ್ ಡಿಸಿ ಸರ್ಕ್ಯೂಟ್ಸ್. ಓಂಸ್ ಲಾ, ಕಿರ್ಚಾಫ್, ಸೀರೀಸ್ ಪ್ಯಾರಲಲ್, ಇದೆಲ್ಲ ಪಿಯುಸಿಯಲ್ಲಿ ಓದಿದ್ದೇ ಅಂತ ನಮ್ಮವರು ಹಗುರವಾಗಿ ತಗೊಳ್ತಾರೆ. ಆಮೇಲೆ ಲ್ಯಾಬಲ್ಲಿ ಒಂದು ಪ್ರಯೋಗ ಕೊಡ್ತಾರೆ, 10 ವೋಲ್ಟ್ ಸಪ್ಲೈ, ಎರಡು ಒಂದೊಂದು ಮೆಗಾ ಓಂ ರೆಸಿಸ್ಟರ್ ಸೀರೀಸಲ್ಲಿ, ಮಧ್ಯದಲ್ಲಿ ಎಷ್ಟು ವೋಲ್ಟ್ ಇದೆ ಅಳೀರಿ ಅಂತ. ಪೇಪರ್ ಮೇಲೆ 5 ವೋಲ್ಟ್, ಇದಕ್ಕೇನು ಕ್ಯಾಲ್ಕುಲೇಟರೂ ಬೇಡ. ಮೀಟರ್ ಇಟ್ರೆ 4.76 ತೋರ್ಸತ್ತೆ. ರೆಸಿಸ್ಟರ್ ಬದಲಾಯಿಸ್ತಾರೆ, ಬ್ಯಾಟರಿ ಬದಲಾಯಿಸ್ತಾರೆ, ಮೀಟರ್ ಕೆಟ್ಟಿದೆ ಅಂತಾರೆ. ಮೀಟರ್ ಸರಿಯಾಗೇ ಇದೆ. ಡಿಜಿಟಲ್ ಮಲ್ಟಿಮೀಟರಿನ ಒಳಗೇ ಸುಮಾರು 10 ಮೆಗಾ ಓಂ ಇರತ್ತೆ, ನೀವು ಪ್ರೋಬ್ ಇಟ್ಟ ಕ್ಷಣ ಅದು ಕೆಳಗಿನ ರೆಸಿಸ್ಟರಿಗೆ ಪ್ಯಾರಲಲ್ ಆಗಿ ಸೇರ್ಕೊಳತ್ತೆ, ಅಲ್ಲಿಗೆ ಕೆಳಗಿನದ್ದು ಒಂದು ಮೆಗಾ ಓಂ ಹೋಗಿ 0.91 ಆಯ್ತು, ವೋಲ್ಟೇಜ್ ಇಳೀತು. ಅಳೆಯೋ ಸಾಮಾನೇ ಸರ್ಕ್ಯೂಟನ್ನ ಬದಲಾಯಿಸತ್ತೆ ಅನ್ನೋದು ಒಂದ್ಸಲ ಕೈಯಲ್ಲಿ ಅನುಭವಕ್ಕೆ ಬಂದ್ರೆ ಜೀವನಪೂರ್ತಿ ಮರೆಯಲ್ಲ, ನಾಲ್ಕು ವರ್ಷ ಇಂಜಿನಿಯರಿಂಗ್ ಮಾಡಿ ಇದು ಗೊತ್ತಿಲ್ಲದೇ ಬಂದೋರು ಎಷ್ಟೋ ಜನ ಇದ್ದಾರೆ, ಹೆಸರು ಬೇಡ.

ಎಸಿ ಸರ್ಕ್ಯೂಟ್ಸ್‌ನಲ್ಲಿ ಆಸಿಲೋಸ್ಕೋಪ್ ಕೈಗೆ ಬರತ್ತೆ. ಅದರಲ್ಲಿ ಮೊದಲು ಕಲಿಸೋದು ಅಲೆ ನೋಡೋದನ್ನಲ್ಲ, ಗ್ರೌಂಡ್ ಕ್ಲಿಪ್ ಎಲ್ಲಿ ಹಾಕ್ಬಾರ್ದು ಅಂತ. ಮೇಜಿನ ಮೇಲಿಡೋ ಸ್ಕೋಪಿನ ಗ್ರೌಂಡ್ ಕ್ಲಿಪ್ಪು ಒಳಗಿಂದ ಗೋಡೆಯ ಪ್ಲಗ್ಗಿನ ಅರ್ತ್‌ಗೆ ಸೇರಿರತ್ತೆ, ಅದನ್ನ ತಗೊಂಡು ಮೇನ್ಸ್ ಇರೋ ಕಡೆ ಸಿಗಿಸಿದ್ರೆ ಶಾರ್ಟ್ ಆಗಿ ಪಟಾಕಿ ಹೊಡೆದಂಗಾಗತ್ತೆ.

ಹಂಗೇ ನಮ್ಮವರಿಗೆ ಅಂತಲೇ ಒಂದು ಮಾತು: ನಮ್ಮ ಕಡೆ ಮನೆ ವೈರಿಂಗಲ್ಲಿ ಕೆಂಪು ಫೇಸು, ಕಪ್ಪು ನ್ಯೂಟ್ರಲ್ಲು ಅಂತ ಚಿಕ್ಕಂದಿನಿಂದ ನೋಡಿರ್ತೀವಿ. ಅಮೆರಿಕದಲ್ಲಿ 120 ವೋಲ್ಟಿನ ವೈರಿಂಗಲ್ಲಿ ಕಪ್ಪೇ ಫೇಸು, ನ್ಯೂಟ್ರಲ್ ಬಿಳಿ, ಅರ್ತ್ ಹಸಿರು ಅಥವಾ ಬರೀ ತಾಮ್ರ. ಊರಲ್ಲಿ ಎಲೆಕ್ಟ್ರಿಕಲ್ ಕೆಲಸ ಗೊತ್ತಿದ್ದೋರಿಗೇ ಇಲ್ಲಿ ಅಪಾಯ ಜಾಸ್ತಿ, ಗೊತ್ತಿಲ್ಲದೋರು ಮುಟ್ಟೋಕೇ ಹೋಗಲ್ಲ.

ಎರಡನೇ, ಮೂರನೇ ಸೆಮಿಸ್ಟರ್‌ಗೆ ಡಯೋಡು, ಟ್ರಾನ್ಸಿಸ್ಟರು, ಆಪ್ ಆಂಪ್, ಡಿಜಿಟಲ್ ಲಾಜಿಕ್ಕು, ಮೈಕ್ರೊಕಂಟ್ರೋಲರ್ರು. ಊರಲ್ಲಿ ಡಿಪ್ಲೊಮಾ ಮಾಡಿದೋರಿಗೆ ಎಸ್‌ಎಲ್100, ಬಿಸಿ107 ನೆನಪಿರಬೇಕು, ಇಲ್ಲಿ ಆ ಜಾಗದಲ್ಲಿ 2ಎನ್3904 ಇರತ್ತೆ, ಉಳಿದಂತೆ ಅದೇ ಕಾಮನ್ ಎಮಿಟರ್ ಆಂಪ್ಲಿಫೈಯರ್. ವ್ಯತ್ಯಾಸ ಲ್ಯಾಬ್ ಪರೀಕ್ಷೆಯಲ್ಲಿ. ನಮ್ಮಲ್ಲಿ ಸರ್ಕ್ಯೂಟ್ ಕಟ್ಟಿ, ರೀಡಿಂಗ್ ಬರೆದು, ಗ್ರಾಫ್ ಹಾಕಿ ತೋರಿಸಿದ್ರೆ ಮುಗೀತು. ಇಲ್ಲಿ ಮೇಷ್ಟ್ರು ಓಡ್ತಿರೋ ಸರ್ಕ್ಯೂಟಲ್ಲಿ ಒಂದು ಫಾಲ್ಟ್ ಸೇರಿಸಿ ಇಟ್ಟಿರ್ತಾರೆ, ಪಾರ್ಟ್ಸ್ ಬಿಚ್ಚೋ ಹಾಗಿಲ್ಲ, ಮೀಟರ್ ಇಟ್ಟು ಯಾವುದು ಹೋಗಿದೆ ಹೇಳ್ಬೇಕು.

ಒಂದು ಉದಾಹರಣೆ ಪೂರ್ತಿ ನೋಡೋಣ. 12 ವೋಲ್ಟ್ ಸಪ್ಲೈ. ಬೇಸಿಗೆ ಮೇಲಿನಿಂದ 10 ಕಿಲೋ ಓಂ, ಕೆಳಗೆ 2.2 ಕಿಲೋ ಓಂ. ಕಲೆಕ್ಟರಿಗೆ 3.3 ಕಿಲೋ ಓಂ, ಎಮಿಟರಿಗೆ 1 ಕಿಲೋ ಓಂ. ಎಲ್ಲ ಸರಿ ಇದ್ದಾಗ ಬೇಸಲ್ಲಿ ಸುಮಾರು 2.1 ವೋಲ್ಟ್, ಎಮಿಟರಲ್ಲಿ ಅದಕ್ಕಿಂತ 0.7 ಕಡಿಮೆ ಅಂದ್ರೆ ಸುಮಾರು 1.4, ಕಲೆಕ್ಟರಲ್ಲಿ ಸುಮಾರು 7. ಈಗ ಔಟ್‌ಪುಟ್ ಬರ್ತಿಲ್ಲ. ಕಲೆಕ್ಟರಲ್ಲಿ ಮೀಟರ್ ಇಟ್ರೆ ಪೂರ್ತಿ 12 ಇದೆ. ಅಂದ್ರೆ ಆ 3.3 ಕಿಲೋ ಓಂ ಮೇಲೆ ಡ್ರಾಪ್ಪೇ ಇಲ್ಲ, ಕರೆಂಟ್ ಹರೀತಿಲ್ಲ, ಟ್ರಾನ್ಸಿಸ್ಟರ್ ಆಫ್ ಆಗಿದೆ. ಯಾಕೆ ಆಫ್ ಆಯ್ತು ಅಂತ ಕಲೆಕ್ಟರ್ ಹೇಳಲ್ಲ, ಬೇಸಿಗೆ ಹೋಗಿ. ಬೇಸಲ್ಲಿ ಸೊನ್ನೆ ಇದ್ರೆ ಮೇಲಿನ 10 ಕಿಲೋ ಓಂ ಓಪನ್ ಆಗಿದೆ, ಇಲ್ಲಾ ಬೇಸು ಗ್ರೌಂಡಿಗೆ ಶಾರ್ಟ್ ಆಗಿದೆ. ಬೇಸಲ್ಲಿ 2.1 ಸರಿಯಾಗೇ ಇದ್ದು ಎಮಿಟರಲ್ಲಿ ಸೊನ್ನೆ ಇದ್ರೆ ಟ್ರಾನ್ಸಿಸ್ಟರ್ ಒಳಗಿನ ಬೇಸ್-ಎಮಿಟರ್ ಜಂಕ್ಷನ್ ಹೋಗಿದೆ. ಬೇಸೂ ಸರಿ ಇದೆ, ಎಮಿಟರಲ್ಲೂ ಒಂದೂವರೆ ವೋಲ್ಟಿಗಿಂತ ಸ್ವಲ್ಪ ಮೇಲೆ ತೋರಿಸ್ತಿದೆ, ಆದ್ರೂ ಕಲೆಕ್ಟರ್ 12ರಲ್ಲೇ ಇದೆ ಅಂದ್ರೆ? ಇಲ್ಲಿ ತಲೆ ಕೆಡತ್ತೆ. ಎಮಿಟರ್ ರೆಸಿಸ್ಟರ್ ಓಪನ್ ಆಗಿದೆ, ಕರೆಂಟ್ ಹೋಗೋಕೆ ದಾರಿನೇ ಇಲ್ಲ, ನೀವು ಮೀಟರ್ ಇಟ್ಟಾಗ ಆ ಮೀಟರಿನ 10 ಮೆಗಾ ಓಂ ಮೂಲಕ ಚೂರೇ ಚೂರು ಹರಿದು ವೋಲ್ಟೇಜ್ ಇರೋ ಥರ ಕಾಣಿಸ್ತಿದೆ. ಮೊದಲ ಸೆಮಿಸ್ಟರಿನ 4.76 ಯಾಕೆ ಕಲಿಸಿದ್ರು ಅಂತ ಈಗ ಗೊತ್ತಾಗತ್ತೆ.

ಇದೇ ಆ ಕೋರ್ಸಿನ ಜೀವಾಳ. ಇಂಜಿನಿಯರಿಂಗ್ ಓದಿನಲ್ಲಿ ಇಂಥ ಆಂಪ್ಲಿಫೈಯರನ್ನ ಡಿಸೈನ್ ಮಾಡೋದು ಹೇಗೆ, ಫ್ರೀಕ್ವೆನ್ಸಿ ಏರಿದ್ರೆ ಏನಾಗತ್ತೆ, ಅದರ ಗಣಿತ ಏನು ಅಂತ ಹೋಗ್ತಾರೆ. ಇಲ್ಲಿ ಕಟ್ಟಿದ್ದು ಯಾಕೆ ಓಡ್ತಿಲ್ಲ ಅಂತ ಹುಡುಕೋ ಬುದ್ಧಿ ಬೆಳೆಸ್ತಾರೆ. ಎರಡೂ ಬೇಕು, ಎರಡನ್ನೂ ಚೆನ್ನಾಗಿ ಮಾಡೋರು ಕಡಿಮೆ.

ಕೊನೇ ಸೆಮಿಸ್ಟರ್‌ನಲ್ಲಿ ಕಾಲೇಜಿಗೆ ತಕ್ಕಂತೆ ಪಿಎಲ್‌ಸಿ (ಫ್ಯಾಕ್ಟರಿ ಮಷೀನುಗಳನ್ನ ನಡೆಸೋ ಕಂಪ್ಯೂಟರ್), ಮೋಟಾರ್ ಕಂಟ್ರೋಲ್, ಆರ್‌ಎಫ್ ಕಮ್ಯುನಿಕೇಷನ್, ಹಿಂಗೆ ಏನೋ ಒಂದು. ಅಮೆರಿಕದ ಫ್ಯಾಕ್ಟರಿಗಳಲ್ಲಿ ಅಲೆನ್-ಬ್ರಾಡ್ಲಿ ಪಿಎಲ್‌ಸಿ ಹೆಚ್ಚು, ಅದಕ್ಕೆ ಕಾಲೇಜುಗಳಲ್ಲೂ ಅದನ್ನೇ ಇಟ್ಟಿರ್ತಾರೆ. ಸೋಲ್ಡರಿಂಗ್ ಬೇರೆ ಕ್ಲಾಸು, ನೋಡೋಕೆ ಚಿಲ್ಲರೆ ಕೆಲಸ ಅನ್ಸತ್ತೆ, ಹಳೇ ಸೀಸದ 63-37 ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗತ್ತೆ, ಸೀಸ ಇಲ್ಲದ್ದಕ್ಕೆ 217ರ ಮೇಲೆ ಬೇಕು, ಆ ಮೂವತ್ತು ಚಿಲ್ಲರೆ ಡಿಗ್ರಿ ವ್ಯತ್ಯಾಸದಲ್ಲಿ ಬೋರ್ಡಿನ ಪ್ಯಾಡ್ ಎದ್ದು ಬರತ್ತೆ. ಇದರಲ್ಲಿ ಐಪಿಸಿ (ಎಲೆಕ್ಟ್ರಾನಿಕ್ಸ್ ಉದ್ಯಮದ ಗುಣಮಟ್ಟದ ನಿಯಮ ಮಾಡೋ ಸಂಸ್ಥೆ) ಸರ್ಟಿಫಿಕೇಟ್ ಸಿಗೋ ಹಂಗಿದ್ರೆ ಬಿಡ್ಬೇಡಿ, ಕೆಲಸ ಹುಡುಕೋವಾಗ ಡಿಗ್ರಿಗಿಂತ ಅದನ್ನೇ ಮೊದಲು ಕೇಳೋರಿದ್ದಾರೆ.

ಎಲ್ಲ ಕಾಲೇಜಲ್ಲೂ ಈ ಕೋರ್ಸ್ ಇದೇ ಹೆಸರಲ್ಲಿ ಸಿಗಲ್ಲ ಅನ್ನೋದೂ ಗೊತ್ತಿರ್ಲಿ. ಹಳೇ ಇಇಟಿ ಎಷ್ಟೋ ಕಡೆ ಮೆಕಾಟ್ರಾನಿಕ್ಸ್, ಆಟೊಮೇಷನ್, ಎಲೆಕ್ಟ್ರೋ-ಮೆಕ್ಯಾನಿಕಲ್ ಅಂತ ಹೊಸ ಬೋರ್ಡ್ ಹಾಕ್ಕೊಂಡಿದೆ, ಒಳಗೆ ಟ್ರಾನ್ಸಿಸ್ಟರ್ ಕಡಿಮೆ, ಪಿಎಲ್‌ಸಿ ಮತ್ತೆ ನ್ಯುಮ್ಯಾಟಿಕ್ಸ್ ಜಾಸ್ತಿ.

ಕೆಲಸದ ವಿಷಯ. ಲೇಬರ್ ಸ್ಟ್ಯಾಟಿಸ್ಟಿಕ್ಸ್ ಬ್ಯೂರೋ ಈ ಟೆಕ್ನಿಷಿಯನ್ ಕೆಲಸಕ್ಕೆ ಮಾಮೂಲಿ ಅರ್ಹತೆ ಅಸೋಸಿಯೇಟ್ ಡಿಗ್ರಿ ಅಂತಲೇ ಬರೆದಿದೆ, 2023ರಲ್ಲಿ ಮಧ್ಯದ ಸಂಬಳ ವರ್ಷಕ್ಕೆ 70 ಸಾವಿರ ಡಾಲರ್ ದಾಟಿತ್ತು, ಅದೇ ವರ್ಷ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಇಂಜಿನಿಯರುಗಳದ್ದು ಒಂದು ಲಕ್ಷ ದಾಟಿತ್ತು. ಎಲ್ಲೆಲ್ಲಿ ಕೆಲಸ ಅಂದ್ರೆ ಆಸ್ಪತ್ರೆಯ ಎಂಆರ್‌ಐ, ವೆಂಟಿಲೇಟರ್ ಇಂಥದ್ದನ್ನ ನೋಡ್ಕೊಳೋ ಬಯೋಮೆಡಿಕಲ್ ಟೆಕ್ನಿಷಿಯನ್ನು, ಪವರ್ ಕಂಪನಿಯ ಸಬ್‌ಸ್ಟೇಷನ್ ರಿಲೇ ಟೆಕ್ನಿಷಿಯನ್ನು, ಕ್ಯಾಲಿಬ್ರೇಷನ್ ಲ್ಯಾಬು, ವಿಮಾನದ ಏವಿಯಾನಿಕ್ಸು, ಡೇಟಾ ಸೆಂಟರು, ದೊಡ್ಡ ವೇರ್‌ಹೌಸುಗಳ ಕನ್ವೇಯರು. ನನ್ನ ಅಭಿಪ್ರಾಯದಲ್ಲಿ ಆಸ್ಪತ್ರೆ ಮತ್ತೆ ಪವರ್ ಕಂಪನಿ ಕೆಲಸಗಳೇ ಹೆಚ್ಚು ಭದ್ರ, ಆದ್ರೆ ಯಾರೂ ಅದರ ಬಗ್ಗೆ ಮಾತಾಡಲ್ಲ, ಎಲ್ರ ಬಾಯಲ್ಲೂ ಚಿಪ್ಪೇ.

ಚಿಪ್ ಗಲಾಟೆ ಜೋರಾಗಿದ್ದು 2022ರ ಆಗಸ್ಟಲ್ಲಿ ಚಿಪ್ಸ್ ಆಕ್ಟ್ ಬಂದ್ಮೇಲೆ, ಅಮೆರಿಕದಲ್ಲೇ ಚಿಪ್ ಮಾಡೋಕೆ ದುಡ್ಡು ಕೊಡೋ ಸುಮಾರು 5,270 ಕೋಟಿ ಡಾಲರಿನ ಕಾನೂನು. ಫೀನಿಕ್ಸಲ್ಲಿ ಟಿಎಸ್‌ಎಂಸಿ, ಒಹಾಯೊದಲ್ಲಿ ಇಂಟೆಲ್, ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಪಕ್ಕ ಮೈಕ್ರಾನ್, ಟೆಕ್ಸಾಸಿನ ಟೇಲರಲ್ಲಿ ಸ್ಯಾಮ್‌ಸಂಗ್. ಈ ಫ್ಯಾಕ್ಟರಿಗಳಲ್ಲಿ ಪಿಎಚ್‌ಡಿಗಳಿಗಿಂತ ಟೆಕ್ನಿಷಿಯನ್ನುಗಳು ಎಷ್ಟೋ ಹೆಚ್ಚು ಜನ ಬೇಕು, ಒಂದೊಂದು ಮಷೀನೂ ಕೋಟಿಗಟ್ಟಲೆ ಬೆಲೆದು, ನಿಂತ್ರೆ ನಷ್ಟ, ಅದಕ್ಕೆ ಹಗಲೂ ರಾತ್ರಿ 12 ಗಂಟೆ ಶಿಫ್ಟಲ್ಲಿ ಜನ ಇರ್ತಾರೆ. ಅರಿಜೋನಾದ ಮ್ಯಾರಿಕೋಪ ಕಮ್ಯುನಿಟಿ ಕಾಲೇಜುಗಳು 2022ರಲ್ಲಿ ಕ್ವಿಕ್ ಸ್ಟಾರ್ಟ್ ಅಂತ ಬರೀ ಹತ್ತು ದಿನದ ಟ್ರೈನಿಂಗ್ ಶುರು ಮಾಡಿದ್ವು, ಆರೆಗಾನ್‌ನ ಪೋರ್ಟ್‌ಲ್ಯಾಂಡ್ ಕಡೆನೂ ಅಂಥದ್ದು ಬಂತು. ಹತ್ತು ದಿನಕ್ಕೆ ಫ್ಯಾಬ್ (ಚಿಪ್ ಫ್ಯಾಕ್ಟರಿ) ಕೆಲಸ ಅಂತ ವಾಟ್ಸಾಪಲ್ಲಿ ಓಡಾಡಿದ್ದು ಇದೇ. ನೋಡಿ, ಹತ್ತು ದಿನದಲ್ಲಿ ಕ್ಲೀನ್‌ರೂಮ್ ಬಟ್ಟೆ ಹಾಕೋದು, ಸೇಫ್ಟಿ, ಪರಿಭಾಷೆ ಇಷ್ಟು ಬರತ್ತೆ, ಈ ಕೆಲಸ ನಮಗೆ ಹೊಂದತ್ತಾ ಅಂತ ತಿಳ್ಕೊಳೋಕೆ ಒಳ್ಳೇದೇ. ಎರಡು ವರ್ಷದ ಇಇಟಿ ಜೊತೆ ಅದನ್ನ ಹೋಲಿಸ್ಬೇಡಿ. ಇನ್ನೊಂದು, ಒಹಾಯೊದ ಇಂಟೆಲ್ ಫ್ಯಾಕ್ಟರಿ 2025ಕ್ಕೆ ಓಡತ್ತೆ ಅಂತ ಹೇಳಿದ್ದು ಈಗ 2030 ಇಲ್ಲಾ 2031ಕ್ಕೆ ಹೋಗಿದೆ, 2024ರಲ್ಲಿ ಅದೇ ಕಂಪನಿ ಸುಮಾರು 15 ಸಾವಿರ ಜನರನ್ನ ತೆಗೆಯೋದಾಗಿ ಹೇಳ್ತು. ಪಕ್ಕದಲ್ಲಿ ಏಳ್ತಿರೋ ಒಂದೇ ಫ್ಯಾಕ್ಟರಿ ನಂಬ್ಕೊಂಡು ಎರಡು ವರ್ಷ ಓದೋದು ನನಗಂತೂ ಸರಿ ಕಾಣಲ್ಲ.

ಇನ್ನು ವೀಸಾ. ಇದನ್ನ ಕಾಲೇಜಿನವರು ತಾವಾಗೇ ಬಿಡಿಸಿ ಹೇಳೋದು ಕಡಿಮೆ. ಎಚ್4ರಲ್ಲಿ, ಅಂದ್ರೆ ಎಚ್1ಬಿ ಕೆಲಸದ ವೀಸಾದವರ ಗಂಡ, ಹೆಂಡತಿ, ಮಕ್ಕಳ ವೀಸಾದಲ್ಲಿ ಇರೋರು ಓದೋಕೆ ಅಡ್ಡಿಯಿಲ್ಲ, ಬೇರೆ ಸ್ಟೂಡೆಂಟ್ ವೀಸಾ ಬೇಕಾಗಿಲ್ಲ. ಆದ್ರೆ ಓದಿ ಮುಗಿಸಿ ಕೆಲಸ ಮಾಡ್ಬೇಕಂದ್ರೆ ಇಎಡಿ ಅನ್ನೋ ಕೆಲಸದ ಪರವಾನಗಿ ಬೇಕು, ಅದು 2015ರಿಂದ ಸಿಗ್ತಿದೆ, ಅದೂ ಗಂಡ ಅಥವಾ ಹೆಂಡತಿಯ ಗ್ರೀನ್ ಕಾರ್ಡ್ ಪ್ರೊಸೆಸ್ ಒಂದು ಹಂತ ದಾಟಿದ್ರೆ ಮಾತ್ರ. ಎಚ್4ರಲ್ಲಿರೋ ಮಕ್ಕಳಿಗೆ ಅದೂ ಇಲ್ಲ, 21 ತುಂಬಿದ್ರೆ ಆ ಸ್ಟೇಟಸ್ಸೂ ಹೋಗತ್ತೆ. ಇಂಡಿಯಾದಿಂದ ಎಫ್1 ಸ್ಟೂಡೆಂಟ್ ವೀಸಾ ತಗೊಂಡು ನೇರ ಎರಡು ವರ್ಷದ ಕೋರ್ಸಿಗೆ ಬರ್ತೀನಿ ಅನ್ನೋರಿಗೆ ಒಂದೇ ಮಾತು, ಬೇಡ. ಅಸೋಸಿಯೇಟ್ ಡಿಗ್ರಿಗೆ ಓಪಿಟಿ (ಓದಿಗೆ ಸಂಬಂಧಿಸಿದ ಕೆಲಸ ಮಾಡೋಕೆ ಸ್ಟೂಡೆಂಟುಗಳಿಗೆ ಕೊಡೋ ಅನುಮತಿ) ಒಂದು ವರ್ಷ ಸಿಗ್ಬಹುದು, ಆದ್ರೆ ವಿಜ್ಞಾನ, ತಂತ್ರಜ್ಞಾನ ಓದಿದೋರಿಗೆ ಆಮೇಲೆ ಸಿಗೋ ಎರಡು ವರ್ಷದ ಸ್ಟೆಮ್ ವಿಸ್ತರಣೆಗೆ ಕನಿಷ್ಠ ಬ್ಯಾಚುಲರ್ ಡಿಗ್ರಿ ಬೇಕು, ಎಚ್1ಬಿಗೂ ಬ್ಯಾಚುಲರ್ ಮಟ್ಟದ ಕೆಲಸವೇ ಆಗ್ಬೇಕು. ಟೆಕ್ನಿಷಿಯನ್ ಕೆಲಸ ಆ ಲೆಕ್ಕಕ್ಕೆ ಬರೋದು ಕಷ್ಟ. ಡಿಫೆನ್ಸ್ ಕಂಪನಿಗಳು ಈ ಓದಿನವರನ್ನ ತುಂಬಾ ತಗೊಳ್ತಾರೆ ನಿಜ, ಅಲ್ಲಿ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಕೇಳ್ತಾರೆ, ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕಂದ್ರೆ ಸಿಟಿಜನ್ನೇ ಆಗಿರ್ಬೇಕು. ಹಂಗಾಗಿ ಈ ಕೋರ್ಸಿನಿಂದ ಪೂರ್ತಿ ಲಾಭ ಆಗೋದು ಇಲ್ಲಿ ಹುಟ್ಟಿದ ಮಕ್ಕಳಿಗೆ, ಗ್ರೀನ್ ಕಾರ್ಡ್ ಬಂದೋರಿಗೆ, ಇಎಡಿ ಇಟ್ಕೊಂಡು ಹೊಸದಾಗಿ ಕೆಲಸ ಶುರು ಮಾಡೋರಿಗೆ. ನಿಯಮಗಳು ಬದಲಾಗ್ತಾ ಇರತ್ತೆ, ದುಡ್ಡು ಕಟ್ಟೋ ಮುಂಚೆ ಒಬ್ಬ ಲಾಯರ್ ಹತ್ರ ಕೇಳಿ.

ಫೀಸು ಸುಲಭ. ಅದೇ ಜಿಲ್ಲೆಯಲ್ಲಿ ವಾಸ ಇರೋರಿಗೆ ದೇಶದ ಸರಾಸರಿ ವರ್ಷಕ್ಕೆ ಸುಮಾರು 4 ಸಾವಿರ ಡಾಲರ್, ಸರ್ಕಾರಿ ಯೂನಿವರ್ಸಿಟಿಯಲ್ಲಿ ರಾಜ್ಯದವರಿಗೇ 11 ಸಾವಿರದ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ಯೂನಿಟ್ಟಿಗೆ (ಒಂದು ಕ್ರೆಡಿಟ್ಟಿಗೆ) 46 ಡಾಲರ್, ಅದಕ್ಕಿಂತ ಅಗ್ಗ ಇನ್ನೆಲ್ಲಿ ಸಿಗತ್ತೆ. ಸಿಟಿಜನ್, ಗ್ರೀನ್ ಕಾರ್ಡ್ ಇರೋರು ಫಾಫ್ಸಾ ಅನ್ನೋ ಸರ್ಕಾರಿ ಸಹಾಯದ ಅರ್ಜಿ ಹಾಕಿದ್ರೆ ಆದಾಯ ನೋಡಿ ಪೆಲ್ ಗ್ರ್ಯಾಂಟ್ ಸಿಗತ್ತೆ, 2024-25ರಲ್ಲಿ ಗರಿಷ್ಠ 7,395 ಡಾಲರ್, ವಾಪಸ್ ಕಟ್ಟೋ ಹಂಗಿಲ್ಲ. ಎಚ್4ರವರಿಗೆ ಅದಿಲ್ಲ. ರಾಜ್ಯದವರ ಫೀಸು ಸಿಗತ್ತಾ ಅನ್ನೋದು ಆಯಾ ರಾಜ್ಯದ ಮೇಲೆ. ಖಾಸಗಿ, ಲಾಭಕ್ಕೆ ನಡೆಸೋ ಕಾಲೇಜುಗಳಲ್ಲೂ ಇದೇ ಹೆಸರಿನ ಕೋರ್ಸ್ ಇರತ್ತೆ, ಹುಷಾರು. ಐಟಿಟಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಅಂತ ದೇಶದ ತುಂಬ ಇತ್ತು, 2016ರ ಸೆಪ್ಟೆಂಬರಲ್ಲಿ ಒಂದೇ ಸಲ ಬಾಗಿಲು ಹಾಕ್ತು, ಅರ್ಧ ಓದಿದೋರ ಕೈಯಲ್ಲಿ ಸಾಲ ಉಳೀತು, ಕ್ರೆಡಿಟ್ಟನ್ನ ಬೇರೆ ಕಾಲೇಜಿನವರು ಸುಲಭಕ್ಕೆ ತಗೊಳ್ಲಿಲ್ಲ.

ಆಗ ಹೇಳಿದ್ನಲ್ಲ, ಒಂದು ಕ್ಯಾಲ್ಕುಲಸ್ ಸೇರಿಸಿರೋ ನಡುವಿನ ದಾರಿ ಅಂತ. ಇಇಟಿ ಎಎಎಸ್ ಮಾಡಿ ಮುಂದೆ ಓದ್ಬೇಕು ಅನ್ಸಿದ್ರೆ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಬದಲು ಬ್ಯಾಚುಲರ್ ಮಟ್ಟದ ಇಂಜಿನಿಯರಿಂಗ್ ಟೆಕ್ನಾಲಜಿಗೆ ಹೋಗ್ಬಹುದು. ಆರೆಗಾನ್ ಟೆಕ್, ಪರ್ಡ್ಯೂ, ಟೆಕ್ಸಾಸ್ ಎ ಆಂಡ್ ಎಂ, ವರ್ಜೀನಿಯಾದ ಓಲ್ಡ್ ಡೊಮಿನಿಯನ್ ಹೀಗೆ ಇಂಥ ಡಿಗ್ರಿ ಕೊಡೋ ಯೂನಿವರ್ಸಿಟಿಗಳು ಬೇಕಾದಷ್ಟಿವೆ. ಊರಿನ ಲ್ಯಾಟರಲ್ ಎಂಟ್ರಿಗೆ ಹತ್ರದ್ದು ಅಂದ್ರೆ ಇದೇ. ಕೆಲಸ ಕೊಡೋ ಕಂಪನಿಗಳು ಬಹಳಷ್ಟು ಕಡೆ ಈ ಡಿಗ್ರಿಗೂ ಇಂಜಿನಿಯರ್ ಅಂತಲೇ ಪೋಸ್ಟ್ ಕೊಡ್ತಾರೆ. ಪಿಇ, ಅಂದ್ರೆ ಪ್ರೊಫೆಷನಲ್ ಇಂಜಿನಿಯರ್ ಲೈಸೆನ್ಸ್ ವಿಷಯದಲ್ಲಿ ಮಾತ್ರ ರಾಜ್ಯಗಳು ಒಂದೊಂದು ಥರ, ಕೆಲವು ಕಡೆ ಒಪ್ತಾರೆ ಆದ್ರೆ ಜಾಸ್ತಿ ವರ್ಷ ಅನುಭವ ಕೇಳ್ತಾರೆ, ಕೆಲವು ಕಡೆ ಒಪ್ಪೋದೇ ಇಲ್ಲ. ಬ್ರಿಡ್ಜು, ಕಟ್ಟಡದ ಪವರ್ ಡಿಸೈನಿಗೆ ಸಹಿ ಹಾಕೋ ಕೆಲಸ ಬೇಕಿದ್ರೆ ಇದು ದೊಡ್ಡ ವಿಷಯ, ಚಿಪ್ಪು, ಬೋರ್ಡು, ಫರ್ಮ್‌ವೇರ್ ಕಡೆ ಹೋಗೋರಿಗೆ ಲೈಸೆನ್ಸ್ ಯಾರೂ ಕೇಳಲ್ಲ.

ಸೇರೋ ಮುಂಚೆ ಒಂದ್ಸಲ ಲ್ಯಾಬ್ ನೋಡ್ಕೊಂಡು ಬನ್ನಿ, ಮೊದಲೇ ಹೇಳಿ ಹೋದ್ರೆ ಸಾಮಾನ್ಯವಾಗಿ ತೋರಿಸ್ತಾರೆ. ಸ್ಕೋಪುಗಳು ಎಷ್ಟು ಜನಕ್ಕೆ ಒಂದು, ಸಂಜೆ ಕ್ಲಾಸಿನ ಮೇಷ್ಟ್ರು ಹಗಲು ಎಲ್ಲಿ ಕೆಲಸ ಮಾಡ್ತಾರೆ, ಹೋದ ವರ್ಷ ಮುಗಿಸಿದೋರು ಎಲ್ಲಿ ಸೇರಿದ್ರು, ಕೇಳಿ. ಅಡ್ವೈಸರ್ ಹತ್ರ ಹೋದಾಗ ‘ಟ್ರಾನ್ಸ್‌ಫರ್ ಆಗತ್ತಾ’ ಅಂತ ಮಾತ್ರ ಕೇಳ್ಬೇಡಿ, ಏನೋ ಒಂದಷ್ಟು ಎಲ್ಲಾದ್ರೂ ಟ್ರಾನ್ಸ್‌ಫರ್ ಆಗೇ ಆಗತ್ತೆ, ಅವರು ಹೂಂ ಅಂದ್ಬಿಡ್ತಾರೆ. ಯಾವ ಯೂನಿವರ್ಸಿಟಿಯ ಯಾವ ಡಿಗ್ರಿಗೆ ಯಾವ ಯಾವ ಸಬ್ಜೆಕ್ಟ್ ಒಪ್ತಾರೆ ಅನ್ನೋದು ಬರವಣಿಗೆಯಲ್ಲಿ ಇರತ್ತೆ, ಅದಕ್ಕೆ ಆರ್ಟಿಕ್ಯುಲೇಷನ್ ಅಗ್ರಿಮೆಂಟ್ ಅಂತಾರೆ, ಕ್ಯಾಲಿಫೋರ್ನಿಯಾದಲ್ಲಾದ್ರೆ ಅಸಿಸ್ಟ್ ಅನ್ನೋ ಸೈಟಲ್ಲಿ ನೀವೇ ಹುಡುಕ್ಬಹುದು, ಬೇರೆ ಕಡೆ ಆ ಕಾಗದದ ಕಾಪಿ ಕೇಳಿ ತಗೊಳಿ. ಮತ್ತೆ ಅಡ್ಮಿಷನ್ ಟೈಮಲ್ಲಿ ಮ್ಯಾಥ್ಸ್ ಪ್ಲೇಸ್‌ಮೆಂಟ್ ಟೆಸ್ಟ್ ಇಟ್ರೆ ಓದ್ಕೊಂಡು ಹೋಗಿ, ಎಷ್ಟೋ ವರ್ಷದ ಹಿಂದೆ ಪಿಯುಸಿಯಲ್ಲಿ ನೂರಕ್ಕೆ ತೊಂಬತ್ತು ತಗೊಂಡಿದ್ದೆ ಅಂತ ಹಂಗೇ ಹೋಗಿ ಕೂತ್ರೆ ಲಾಗರಿದಮ್ ಮರ್ತಿರತ್ತೆ, ಕೆಳಗಿನ ಕ್ಲಾಸಿಗೆ ಹಾಕ್ತಾರೆ, ಅಲ್ಲೇ ಒಂದು ಸೆಮಿಸ್ಟರ್ ಹೋಗತ್ತೆ.